ಒಂಬತ್ತು ಕಿವಿ

ಈ ಸ್ವಿಚ್ಚಿಗೆ ಒಂಬತ್ತು ಕಿವಿ.
ಮೂರು ಸಾಲು, ಸಾಲಿಗೆ ಮೂರು,
ತಂತಿ ತೂರುವಷ್ಟು ತೂತಿರುವ ಲೋಹದ ಚೂರು.
ಹಳೆಯದಕ್ಕೆ ಆರೇ ಇದ್ದವು:
ಸದ್ದು ಬರಲು, ಸದ್ದು ಹೋಗಲು ಅಷ್ಟು ಸಾಕು.
ಮಿಕ್ಕ ಮೂರು ದೀಪಕ್ಕೆ.

ದೀಪ ಬೇಕೆಂದು ಬಂದವರು ದೋನ್ ಎಲೆಯುತೇರಿಯೊ ಯೌರಿ.
ಲೀಮಾದ ಜುಲೈ. ಮಳೆಯೂ ಅಲ್ಲದ ಮಂಜೂ ಅಲ್ಲದ ಗರುವಾ
ಅವರ ಹ್ಯಾಟಿನ ಅಂಚಿಗೆ ಬೆವರಿನ ಹಾಗೆ ಕೂತಿತ್ತು.
ಪರೂರೊ ಬೀದಿಯ ಈ ಎರಡು ಮೀಟರ್ ಅಂಗಡಿಯಲ್ಲಿ
ಅವರು ಕೂತರೆ ನಾನು ನಿಲ್ಲಬೇಕು.

"ಸೋಸಿಮಾ, ವೇದಿಕೆಯೆಲ್ಲ ಕತ್ತಲು,
ಕಾಲ ಬುಡದಲ್ಲಿ ಏನಿದೆಯೋ ಕಾಣುವುದಿಲ್ಲ.
ಎರಡು ಗುಂಡಿಗೆ ಎರಡು ದೀಪ ಹಾಕಿಕೊಡು."

ನಲವತ್ತು ವರ್ಷ ಕತ್ತಲಲ್ಲೇ ಕುಂಬಿಯಾ ನುಡಿಸಿದ ಮನುಷ್ಯ.
ನಮ್ಮಕ್ಕನ ಮದುವೆಯಲ್ಲಿ ಕರೆಂಟು ಹೋದಾಗ
ಲಾರಿ ಬ್ಯಾಟರಿಗೆ ಆಂಪ್ಲಿಫೈಯರ್ ಕಟ್ಟಿ
ಬೆಳಗಿನ ತನಕ ಯಾರನ್ನೂ ಕೂರಗೊಡದವರು.
ನಾನೇನೂ ಕೇಳಲಿಲ್ಲ.

ಪೆಟ್ಟಿಗೆಯ ತಳ ಬಿಚ್ಚಿದೆ. ನಾಲ್ಕು ತಿರುಪು, ಒಂದಕ್ಕೆ ತುಕ್ಕು.
ಒಳಗೆ ಮೂವರ ಕೈಬರಹ:
ಮಾಡಿದವನ ನೆಟ್ಟನೆಯ ತಂತಿಗಳು,
ಯಾರೋ ಅವಸರದವನ ಬೆಸುಗೆಯ ಉಂಡೆ,
ಆಮೇಲೆ ನನ್ನದು. ಮೂರು ವರ್ಷದ ಹಿಂದೆ
ಸದ್ದು ಏರಿಸಲೆಂದು ನಾನೇ ಸೇರಿಸಿದ ಎರಡನೇ ಸ್ವಿಚ್ಚು.
ಮೊದಲನೆಯದು ಹುಟ್ಟಿನಿಂದ ಬಂದದ್ದು,
ತಂತಿಯ ಮೇಲುದನಿಗೆ ಸಾಣೆ ಹಿಡಿಯುತ್ತದೆ.

ದೀಪಕ್ಕೆ ಎರಡು ಕಾಲು. ಉದ್ದದ್ದು ಬ್ಯಾಟರಿಯ ಕಡೆ,
ಕುಳ್ಳದ್ದು ನೆಲದ ಕಡೆ. ಕಾವಲಿಗೆ
ಹಳದಿ, ನೇರಳೆ, ಕೆಂಪು ಪಟ್ಟೆಯ ಒಂದು ರೆಸಿಸ್ಟರು;
ಅದಿಲ್ಲದಿದ್ದರೆ ಒಂದೇ ಉಸಿರಿಗೆ ಉರಿದು ಮುಗಿಯುತ್ತದೆ.
ನಡುವಿನ ಕಿವಿಗೆ ಅರ್ತು, ಮಗ್ಗುಲಿನ ಕಿವಿಗೆ ದೀಪ,
ಆಚೆಯದು ಖಾಲಿ.
ರಾಳದ ಹೊಗೆ ಕಣ್ಣಿಗೆ ಬಂತು. ಸೀಸ ಕರಗಿ ಹರಿದು
ಹೊಳಪು ಬಿಡದೆ ಗಟ್ಟಿಯಾಯಿತು.

ನುಡಿಸಿ ನೋಡಿ, ಎಂದೆ.
ಹಸಿರು ದೀಪದ ಗುಂಡಿ ತುಳಿದರು. ಸದ್ದು ಏರಿತು,
ಪಕ್ಕದ ರೇಡಿಯೊ ಅಂಗಡಿಯವನು ಗೋಡೆ ಗುದ್ದಿದ.
"ಇದಕ್ಕೆ ದೀಪ ಬೇಕೇ ಇರಲಿಲ್ಲ" ಎಂದು ನಕ್ಕರು.
ಕೆಂಪಿನದು ತುಳಿದರು. ಟಕ್. ದೀಪ ಹೊತ್ತಿತು.
ಎಡಗೈ ಹನ್ನೆರಡನೇ ಮೆಟ್ಟಿನಾಚೆ ಏರಿತು,
ಕಣ್ಣು ಮುಚ್ಚಿಕೊಂಡರು. "ಇದು! ಇದೇ ಅಲಗು!
ಎಷ್ಟು ದಿನವಾಗಿತ್ತು."

ಅಲಗು ಎಲ್ಲಿತ್ತು?
ಮೊಂಡು ಚಾಕು ಬೆಣ್ಣೆಯ ಮೇಲೆ ಓಡಾಡುತ್ತಿತ್ತು.
ನಾನು ತಂತಿಯನ್ನು ತಪ್ಪು ಕಿವಿಗೆ ಬೆಸೆದಿದ್ದೆ.
ದೀಪ ಹೊತ್ತಿದರೆ ಪೆಟ್ಟಿಗೆಗೆ ನಿದ್ದೆ,
ದೀಪ ಆರಿದರೆ ಎಚ್ಚರ.

ಸಹಾಯಕ ಹುಡುಗ ನಿಕಾನೊರ್ ಬಾಯಿ ತೆರೆದ.
ಮೇಜಿನಡಿ ಅವನ ಕಾಲು ತುಳಿದೆ.
ಆರಿದ.

"ಒಂದು ಬೆಸುಗೆ ಸಡಿಲ, ಕೊಡಿ ಇಲ್ಲಿ" ಎಂದು
ಮತ್ತೆ ಮಗುಚಿದೆ. ಒಂದೇ ತಂತಿ,
ಈ ಕಿವಿಯಿಂದ ಆ ಕಿವಿಗೆ, ಬೆರಳಗಲವೂ ಇಲ್ಲ.
ನನ್ನ ಕೈಗೆ ಹತ್ತು ನಿಮಿಷ ಹಿಡಿಯಿತು.
ಕಾವಲಿನ ರೆಸಿಸ್ಟರನ್ನೂ ಬದಲಿಸಿದೆ: ಕಂದು, ಕಪ್ಪು, ಕೆಂಪು.
ಮಧ್ಯಾಹ್ನದಲ್ಲೂ ಕಾಣಬೇಕು ಆ ಚುಕ್ಕೆ.

ಅದೇ ಜಾಗ ಮತ್ತೆ ನುಡಿಸಿದರು.
ಈ ಸಲ ಕಣ್ಣು ತೆರೆದೇ ಇತ್ತು, ಕಾಲ ಬಳಿ.
ಅಂಗಡಿಯ ತಗಡು ಸೂರು ಜಿಲ್ಲೆಂದಿತು,
ನಿಕಾನೊರ್ ಎರಡೂ ಕಿವಿ ಮುಚ್ಚಿಕೊಂಡ.
"ಮೊದಲಿನ ಹಾಗೇ ಇದೆ" ಎಂದರು ದೋನ್ ಎಲೆಯುತೇರಿಯೊ.

ದೀಪಕ್ಕೆ ಎಷ್ಟು?
ಹನ್ನೆರಡು ಸೋಲ್.
"ಹತ್ತು ತಗೋ. ಇಷ್ಟು ಚಿಕ್ಕ ದೀಪ."
ತಗೊಂಡೆ.

ಬಾಗಿಲಲ್ಲಿ ತಿರುಗಿ ನಿಂತರು:
"ಬ್ಯಾಟರಿ ತಿನ್ನುತ್ತದಾ ಇದು?"
ತಿನ್ನುತ್ತದೆ ಸ್ವಲ್ಪ, ಎಂದೆ.
ಕೈಯನ್ನು ಕಿವಿಯ ಹಿಂದಿಟ್ಟುಕೊಂಡರು.
ತಿನ್ನುತ್ತದೆ, ಎಂದೆ ಇನ್ನೊಮ್ಮೆ, ಕೂಗಿ.